ಅಜ್ಜಿಯ ಒಪ್ಪೊತ್ತು

ಪರಮಪ್ರಸಾದ ಸ್ವೀಕರಿಸುವುದಕ್ಕೆ ಒಂದು ಗಂಟೆ ಮುಂಚಿನಿಂದ ಏನೂ ತಿನ್ನಬಾರದು, ನೀರು ಕುಡಿಯಬಹುದು. ಕಥೋಲಿಕ ಧರ್ಮಸಭೆಯ ಈಗಿನ ನಿಯಮ ಇಷ್ಟೇ. 1964ರಲ್ಲಿ ಪೋಪ್ ಆರನೆಯ ಪೌಲರು ಇದನ್ನು ಜಾರಿಗೆ ತಂದರು. ಅದಕ್ಕೆ ಮೊದಲು, 1957ರಲ್ಲಿ, ಹನ್ನೆರಡನೆಯ ಪಿಯೂಸರು ಮೂರು ಗಂಟೆ ಎಂದಿದ್ದರು. ಅದಕ್ಕೂ ಹಿಂದೆ ಶತಮಾನಗಳ ಕಾಲ ನಡುರಾತ್ರಿಯಿಂದಲೇ ಬಾಯಿಗೆ ಏನೂ ಬೀಳುವಂತಿರಲಿಲ್ಲ, ನೀರು ಕೂಡ. ನೀರಿಗೆ ಅನುಮತಿ ಸಿಕ್ಕಿದ್ದೇ 1953ರಲ್ಲಿ. ನನ್ನ ಅಜ್ಜಿ ಈ ಮೂರೂ ಬದಲಾವಣೆಗಳನ್ನು ಕಂಡವಳು. ಒಂದನ್ನೂ ತನಗೆ ಬೇಕೆಂದು ಬಳಸಿಕೊಳ್ಳಲಿಲ್ಲ. ಶನಿವಾರ ರಾತ್ರಿ ಉಂಡು, ಬಾಯಿ ಮುಕ್ಕಳಿಸಿ, ಜಪಸರ ಹಿಡಿದು ಕುಳಿತಳೆಂದರೆ ಮುಗಿಯಿತು, ಮರುದಿನ ಬೆಳಗಿನ ಪೂಜೆ ಮುಗಿಸಿಕೊಂಡು ಮನೆಗೆ ಬರುವ ತನಕ ಗಂಟಲಿಗೆ ಹನಿ ನೀರು ಇಳಿಸುತ್ತಿರಲಿಲ್ಲ. ಬೇಸಿಗೆಯಲ್ಲಿ ದೇವಾಲಯಕ್ಕೆ ನಡೆದು ಹೋಗುವಷ್ಟರಲ್ಲಿ ಮಕ್ಕಳಾದ ನಮ್ಮ ನಾಲಿಗೆ ಒಣಗಿರುತ್ತಿತ್ತು. ಹೊಸದಾಗಿ ಬಂದಿದ್ದ ಸ್ವಾಮಿಗಳೊಬ್ಬರು ಒಮ್ಮೆ ಪ್ರೀತಿಯಿಂದಲೇ ಹೇಳಿದರು, "ಅಮ್ಮಾ, ಈಗ ಅಷ್ಟೆಲ್ಲ ಬೇಕಿಲ್ಲ, ರೋಮಿನಿಂದಲೇ ಹೇಳಿದ್ದಾರೆ." ಅಜ್ಜಿ ಕೈ ಮುಗಿದು, "ಒಳ್ಳೇದಾಯ್ತು ಸ್ವಾಮಿ, ಆಗ್ದೇ ಇರೋರಿಗೆ ಅನುಕೂಲ" ಎಂದಳು. ಅವಳ ದನಿಯಲ್ಲಿ ಹಟ ಇರಲಿಲ್ಲ. ಸ್ವಾಮಿಗಳೂ ಮತ್ತೆ ಆ ಮಾತು ಎತ್ತಲಿಲ್ಲ.

ಉಪವಾಸ ಮತ್ತು ಪ್ರಾರ್ಥನೆಯ ಬಗ್ಗೆ ನಾನು ಓದಿದ್ದು ಸಾಕಷ್ಟಿದೆ. ಆದರೆ ಅದರ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಓದು ಬಾರದ ಆ ಹೆಂಗಸಿನಿಂದ ಬಂದದ್ದು.

ನಮ್ಮದು ಕನಕಪುರದ ಆಚೆ, ಅರ್ಕಾವತಿಯ ಬದಿಯ ಸೀಮೆ. ಅಲ್ಲಿ ರಾಗಿ ಹೊಲದ ಪಕ್ಕದಲ್ಲಿ ಹಿಪ್ಪುನೇರಳೆ ತೋಟ, ಮಾರಮ್ಮನ ಗುಡಿಯಿಂದ ಸ್ವಲ್ಪ ದೂರದಲ್ಲಿ ಶಿಲುಬೆ ಕಲ್ಲು. ಹತ್ತಿರದ ಹಾರೋಬೆಲೆಯಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಯೇಸುವಿನ ಪಾಡನ್ನು ಊರವರೇ ಆಡುತ್ತಾ ಬಂದಿದ್ದಾರೆ, 'ಮಹಿಮೆ' ಎಂದು ಅದರ ಹೆಸರು. ಈ ಕಡೆಯ ಕ್ರೈಸ್ತರು ಈಸ್ಟರಿಗೆ ಮುಂಚಿನ ತಪಸ್ಸುಕಾಲವನ್ನು ಪಟ್ಟಣದವರಿಗಿಂತ ಬಿಗಿಯಾಗಿ ಆಚರಿಸುತ್ತಿದ್ದರು. ಧರ್ಮಸಭೆ ಕೇಳುವುದು ಕಡಿಮೆಯೇ. 1966ರ ನಂತರ ಕಡ್ಡಾಯ ಉಪವಾಸದ ದಿನಗಳು ಎರಡೇ ಉಳಿದವು, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಆ ದಿನಗಳಲ್ಲೂ ಒಂದು ಪೂರ್ತಿ ಊಟ ಮಾಡಬಹುದು, ಬೇರೆ ಎರಡು ಹೊತ್ತು ಅಲ್ಪಾಹಾರ ತೆಗೆದುಕೊಳ್ಳಬಹುದು. ಹದಿನೆಂಟು ತುಂಬಿದವರಿಗೆ, ಅರವತ್ತಕ್ಕೆ ಕಾಲಿಡದವರಿಗೆ ಮಾತ್ರ ಆ ನಿಯಮ. ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸ ಬಿಟ್ಟರೆ ಸಾಕು, ಮೀನಿಗೆ ಅಡ್ಡಿಯಿಲ್ಲ. ನಮ್ಮ ಅಜ್ಜಿಗೆ ಅರವತ್ತು ಎಂದೋ ದಾಟಿತ್ತು. ಅವಳ ಲೆಕ್ಕದಲ್ಲಿ ಭಾನುವಾರ ಬಿಟ್ಟು ನಲವತ್ತೂ ದಿನ ಒಪ್ಪೊತ್ತು. ಮಾಂಸವಿಲ್ಲ, ಮೀನಿಲ್ಲ, ಮೊಟ್ಟೆಯಿಲ್ಲ. ಮಧ್ಯಾಹ್ನ ಒಂದು ಮುದ್ದೆ, ಉಪ್ಸಾರು. ರಾತ್ರಿ ಒಂದು ಲೋಟ ಅಂಬಲಿ.

ಈ ಬಿಗಿ ಎಲ್ಲಿಂದ ಬಂತು ಎಂದು ಎಷ್ಟೋ ವರ್ಷಗಳ ನಂತರ ನಾನು ಹುಡುಕುತ್ತಾ ಹೋದೆ. 17ನೇ ಶತಮಾನದ ನಡುವಿನಲ್ಲಿ ಇಟಲಿಯ ಲಿಯೊನಾರ್ಡೊ ಚಿನ್ನಮಿ ಎಂಬ ಯೇಸುಸಭೆಯ ಗುರು ಶ್ರೀರಂಗಪಟ್ಟಣಕ್ಕೆ ಬಂದರು. ಅವರೂ ಅವರ ಹಿಂದೆ ಬಂದವರೂ ಕಾವಿಯುಟ್ಟು, ಮಾಂಸ ಮದ್ಯ ಬಿಟ್ಟು, ಸನ್ಯಾಸಿಗಳಂತೆ ಬದುಕಿದರು. ಹೊಟ್ಟೆಯನ್ನು ಹತೋಟಿಯಲ್ಲಿ ಇಟ್ಟುಕೊಳ್ಳಲಾರದವನ ಬಾಯಿಂದ ದೇವರ ಮಾತು ಕೇಳಲು ಈ ನಾಡಿನ ಜನ ಸಿದ್ಧರಿರಲಿಲ್ಲ. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಕ್ರೈಸ್ತರನ್ನು ನೋಡಿಕೊಂಡ ಫ್ರೆಂಚ್ ಗುರು ಅಬ್ಬೆ ದ್ಯುಬ್ವಾ ಕೂಡ ಇಲ್ಲಿಯವರಂತೆಯೇ ಉಟ್ಟು ಉಂಡು ದೊಡ್ಡಸ್ವಾಮಿ ಎನಿಸಿಕೊಂಡರು. ನಮ್ಮ ಊರುಗಳ ತಪಸ್ಸುಕಾಲದಲ್ಲಿ ರೋಮಿನ ಪಂಚಾಂಗ ಎಷ್ಟಿದೆಯೋ ಈ ನೆಲದ ವ್ರತದ ಗುಣವೂ ಅಷ್ಟೇ ಇದೆ ಎಂದು ನನಗನ್ನಿಸುತ್ತದೆ. ಅದರಲ್ಲಿ ನನಗೆ ಸಂಕೋಚವಿಲ್ಲ, ಹೆಮ್ಮೆಯಿದೆ.

ವಿಭೂತಿ ಬುಧವಾರದ ಬೂದಿ ಎಲ್ಲಿಂದ ಬರುತ್ತದೆಂದು ಈಗಿನ ಮಕ್ಕಳಿಗೆ ಕೇಳಿದರೆ ತಿಳಿಯದು. ಹಿಂದಿನ ವರ್ಷ ಗರಿಗಳ ಭಾನುವಾರ ಮಂತ್ರಿಸಿಕೊಟ್ಟ ತೆಂಗಿನ ಗರಿಯನ್ನು ಪ್ರತಿ ಮನೆಯಲ್ಲೂ ಶಿಲುಬೆಯ ಆಕಾರಕ್ಕೆ ಹೆಣೆದು ಯೇಸುವಿನ ಪಟದ ಹಿಂದೆ ಸಿಕ್ಕಿಸಿಡುತ್ತಿದ್ದೆವು. ವರ್ಷವಿಡೀ ಹೊಗೆ ಕುಡಿದು ಅದು ಕಂದು ಬಣ್ಣಕ್ಕೆ ತಿರುಗಿರುತ್ತಿತ್ತು. ತಪಸ್ಸುಕಾಲ ಶುರುವಾಗುವ ವಾರ ಉಪದೇಶಿಗಳು ಮನೆಮನೆಯಿಂದ ಅವನ್ನೆಲ್ಲ ಒಟ್ಟು ಮಾಡಿ ದೇವಾಲಯದ ಹಿತ್ತಿಲಲ್ಲಿ ಕಬ್ಬಿಣದ ಬಾಣಲೆಯೊಳಗೆ ಸುಡುತ್ತಿದ್ದರು. ಗರಿ ಚಟಪಟ ಎನ್ನುತ್ತಾ ಒಮ್ಮೆಗೇ ಹತ್ತಿಕೊಂಡು, ಅಷ್ಟೇ ಬೇಗ ಕಪ್ಪಾಗಿ ಮುದುರಿಬಿಡುವುದು. ಆರಿದ ಮೇಲೆ ಅದನ್ನು ಕೈಯಲ್ಲೇ ಹಿಸುಕಿ, ಹಳೆ ಮಲ್ ಬಟ್ಟೆಯಲ್ಲಿ ಜರಡಿ ಹಿಡಿಯುವ ಕೆಲಸ ನಮ್ಮಂಥ ಮಕ್ಕಳದು. ಬುಟ್ಟಿ ತುಂಬ ಗರಿ ಸುಟ್ಟರೆ ಬರುವುದು ಎರಡು ಹಿಡಿ ನಯವಾದ ಬೂದಿ. ಊರಿನ ಎಲ್ಲ ಹಣೆಗಳಿಗೂ ಅದೇ ಸಾಕು.

ಆ ದಿನದ ಶುಭಸಂದೇಶವೂ ಆ ದಿನದ ಬೂದಿಯೂ ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ಪೂಜೆಯಲ್ಲಿ ಓದುವುದು ಮತ್ತಾಯನ ಆರನೆಯ ಅಧ್ಯಾಯ. ಉಪವಾಸ ಮಾಡುವಾಗ ಮುಖ ಬಾಡಿಸಿಕೊಂಡು ತಿರುಗಬೇಡಿ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿ, ನಿಮ್ಮ ಉಪವಾಸ ಗುಟ್ಟಿನಲ್ಲಿರುವ ತಂದೆಗೆ ಮಾತ್ರ ತಿಳಿಯಲಿ ಎಂದು ಯೇಸು ಹೇಳುವ ಭಾಗ. ಅದನ್ನು ಕೇಳಿ ಎದ್ದು ಹೋಗಿ ಎಲ್ಲರಿಗೂ ಕಾಣುವ ಹಾಗೆ ಹಣೆಗೆ ಬೂದಿ ಹಚ್ಚಿಸಿಕೊಂಡು ಬರುತ್ತೇವೆ. ಚಿಕ್ಕವಳಿದ್ದಾಗ ನನಗೆ ಇದು ಬಗೆಹರಿಯುತ್ತಿರಲಿಲ್ಲ. ಸಂಜೆಯವರೆಗೂ ಬೂದಿ ಅಳಿಸಿಹೋಗದ ಹಾಗೆ ಜೋಪಾನ ಮಾಡುವವರು ಊರಿನಲ್ಲಿದ್ದರು, ಅವರ ಭಕ್ತಿಯಲ್ಲಿ ನನಗೆ ಅನುಮಾನವಿಲ್ಲ. ಅಜ್ಜಿ ಮನೆಗೆ ಬಂದವಳೇ ಕೈಕಾಲು ಮುಖ ತೊಳೆಯುತ್ತಿದ್ದಳು, ಹಾಗೆ ತೊಳೆಯದೆ ರೇಷ್ಮೆ ಹುಳು ಸಾಕುವ ಮನೆಯೊಳಕ್ಕೆ ಹೋಗುವಂತಿರಲಿಲ್ಲ. ಶುಕ್ರವಾರ ಬೆಳಿಗ್ಗೆ ತಲೆಗೆ ಹರಳೆಣ್ಣೆ ಒತ್ತಿ, ನೀಟಾಗಿ ಬಾಚಿ, ತುರುಬು ಕಟ್ಟುತ್ತಿದ್ದಳು. ಪಕ್ಕದ ಮನೆಯಾಕೆ, "ಇದೇನಕ್ಕಾ, ಉಪವಾಸದ ದಿನ ಮದುವೆಗೆ ಹೊಂಟಂಗೆ" ಎಂದರೆ, "ಯೇಸುಸ್ವಾಮಿ ಹಂಗೇ ಅಲ್ವಾ ಹೇಳಿರೋದು" ಎನ್ನುತ್ತಿದ್ದಳು. ನಮ್ಮಲ್ಲಿ ಆ ವಚನವನ್ನು ಕೇಳಿದವರು ಬಹಳ. ಎಣ್ಣೆ ಬಾಟಲಿಗೆ ಕೈ ಹಾಕಿದವಳನ್ನು ನಾನು ಕಂಡದ್ದು ಅವಳೊಬ್ಬಳನ್ನೇ.

ತಪಸ್ಸುಕಾಲ ಬರುವುದು ಫೆಬ್ರವರಿ ಮಾರ್ಚಿನಲ್ಲಿ. ಆ ಹೊತ್ತಿಗೆ ಮನೆಯಲ್ಲಿ ರೇಷ್ಮೆ ಬೆಳೆ ಇದ್ದರೆ ಉಪವಾಸವೆಂದು ಯಾರೂ ಮೂಲೆಯಲ್ಲಿ ಕೂರುವಂತಿಲ್ಲ. ತೋಟದಿಂದ ಸೊಪ್ಪು ಕೊಯ್ದು ತರಬೇಕು, ಹೊತ್ತು ಹೊತ್ತಿಗೆ ಹುಳುವಿಗೆ ಹಾಕಬೇಕು, ತಟ್ಟೆ ಬದಲಾಯಿಸಿ ಕಸ ತೆಗೆಯಬೇಕು. ಖಾಲಿ ಹೊಟ್ಟೆಯಲ್ಲಿ ಅಜ್ಜಿ ಇದೆಲ್ಲ ಮಾಡುತ್ತಾ ತುಟಿಯಲ್ಲೇ ಜಪಸರದ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದಳು. ಸರವೆಲ್ಲೋ ಗೂಡಿನಲ್ಲಿ, ಎಣಿಕೆಗೆ ಅವಳ ಬೆರಳ ಗೆಣ್ಣು. ಹುಳು ಜ್ವರಕ್ಕೆ ಹೋದಾಗ ಮಾತ್ರ ಮನೆಗೆ ಬಿಡುವು. ಮೊಟ್ಟೆಯೊಡೆದು ಬಂದಾಗಿನಿಂದ ಗೂಡು ಕಟ್ಟುವ ತನಕ ರೇಷ್ಮೆ ಹುಳು ನಾಲ್ಕು ಸಲ ಮೇಯುವುದನ್ನು ನಿಲ್ಲಿಸುತ್ತದೆ. ತಲೆ ಎತ್ತಿಕೊಂಡು, ಅಲುಗಾಡದೆ, ಒಂದು ದಿನದ ಆಜುಬಾಜು ಹಾಗೇ ಇರುತ್ತದೆ. ಆಗ ಸೊಪ್ಪು ಹಾಕಬಾರದು, ತಟ್ಟೆ ಕದಲಿಸಬಾರದು. ಹಳೆಯ ಚರ್ಮದ ಅಡಿಯಲ್ಲಿ ಹೊಸದು ಬೆಳೆಯುವ ಹೊತ್ತು ಅದು. ಬೆರಳಿನಿಂದ ಒಂದನ್ನು ತಿವಿದು ನೋಡಲು ಹೋದ ನನ್ನ ಕೈ ಹಿಡಿದು ಅಜ್ಜಿ, "ಮುಟ್ಟಬ್ಯಾಡ ಮಗಾ, ಅದು ಸುಮ್ನೆ ಕುಂತಿಲ್ಲ" ಎಂದಿದ್ದಳು. ಮುಂದೆ ನಾನು ಪ್ರಾರ್ಥನೆಗೆಂದು ಕುಳಿತು, ಹಸಿವು ಬಿಟ್ಟರೆ ಬೇರೇನೂ ನಡೆಯುತ್ತಿಲ್ಲವಲ್ಲ ಎಂದು ಬೇಸರಪಟ್ಟ ದಿನಗಳಲ್ಲಿ ಆ ಮಾತು ನನ್ನನ್ನು ಎದ್ದು ಹೋಗದಂತೆ ತಡೆದಿದೆ.

ಅವಳ ಪ್ರತಿ ಶುಕ್ರವಾರದ ಉಪವಾಸಕ್ಕೂ ಒಂದು ಹೆಸರಿರುತ್ತಿತ್ತು. ಹೆರಿಗೆಗೆ ತವರಿಗೆ ಬಂದ ಹುಡುಗಿ, ಕೋರ್ಟಿಗೆ ಅಲೆಯುತ್ತಿದ್ದ ನೆಂಟರವನು, ಕುಡಿತ ಬಿಡಲಾಗದೆ ಒದ್ದಾಡುತ್ತಿದ್ದ ಹಿಂದಿನ ಬೀದಿಯವನು. "ಈ ವಾರ ಯಾರದಜ್ಜೀ?" ಎಂದು ನಾವು ಕೇಳಿದರೆ ಒಮ್ಮೊಮ್ಮೆ ಹೇಳುವಳು, ಒಮ್ಮೊಮ್ಮೆ "ಅದು ನಿಮಗ್ಯಾಕೆ" ಎನ್ನುವಳು. ಸಂಜೆ ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳಲ್ಲೂ ಮಂಡಿಯೂರಿ ಏಳುವಾಗ ಅವಳ ಮನಸ್ಸಿನಲ್ಲಿ ಆ ಒಬ್ಬರು ಇರುತ್ತಿದ್ದರು. ತನಗಾಗಿ ಅವಳು ಏನು ಕೇಳುತ್ತಿದ್ದಳೋ ಇವತ್ತಿಗೂ ನನಗೆ ಗೊತ್ತಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಆ ಹೆಸರು ನಮ್ಮ ಚಿಕ್ಕಪ್ಪನದೇ ಆಯಿತು. ಅಜ್ಜಿಯ ಕಿರಿಯ ಮಗ. ಇನ್ನೂ ಮೂವತ್ತು ದಾಟಿರಲಿಲ್ಲ. ಮುಖ ಊದಿಕೊಂಡಾಗ ನಾಟಿ ಔಷಧಿ ಮಾಡಿದರು, ಕಾಲೂ ಊದಿಕೊಂಡಾಗ ಬೆಂಗಳೂರಿಗೆ ಕರೆದುಕೊಂಡು ಹೋದರು. ಎರಡೂ ಕಿಡ್ನಿ ಹೋಗಿವೆ ಎಂದರು ಡಾಕ್ಟರು. ಡಯಾಲಿಸಿಸ್ ಎಂಬ ಮಾತನ್ನು ನಮ್ಮ ಮನೆಯವರು ಕೇಳಿದ್ದೇ ಆಗ. ಅದರ ಖರ್ಚು ಕೇಳಿದ ಮೇಲೆ ಅಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಹೊಲ ಮಾರುವ ಮಾತೂ ಆಯಿತು.

ಊರಿನಲ್ಲಿ ಅಜ್ಜಿ ಉಪವಾಸ ಹಿಡಿದಳು. ಒಪ್ಪೊತ್ತಿನ ಮುದ್ದೆಯೂ ನಿಂತಿತು, ಸಂಜೆ ಒಂದಿಷ್ಟು ಅಂಬಲಿ ಮಾತ್ರ. ಪ್ರಾರ್ಥನಾ ಕೂಟವೊಂದರಿಂದ ಬಂದಿದ್ದವರೊಬ್ಬರು, ನಂಬಿಕೆಯಿಟ್ಟು ಮೂರು ದಿನ ಕಟ್ಟುನಿಟ್ಟಾಗಿ ಉಪವಾಸ ಪ್ರಾರ್ಥನೆ ಮಾಡಿದರೆ ದೇವರು ಕೊಟ್ಟೇ ಕೊಡುತ್ತಾನೆ, ಕೊಡದಿದ್ದರೆ ನಂಬಿಕೆಯಲ್ಲೇ ಎಲ್ಲೋ ಕೊರತೆ ಎಂದರು. ಅಮ್ಮ, ಅತ್ತೆಯಂದಿರು, ಹತ್ತಿರದ ಮನೆಗಳವರು ಎಲ್ಲರೂ ಕೂಡಿ ಮೂರು ದಿನ ನಡೆಸಿದರು. ಎಸ್ತೇರ್ ರಾಣಿ ತನ್ನ ಜನರಿಗಾಗಿ ಮೂರು ದಿನ ಅನ್ನ ನೀರು ಬಿಟ್ಟ ಕಥೆಯನ್ನು ಪ್ರತಿ ಸಂಜೆ ಯಾರಾದರೊಬ್ಬರು ಓದುತ್ತಿದ್ದರು. ಮಕ್ಕಳಾದ ನಾವೂ ಮಂಡಿಯೂರಿ ಅತ್ತೆವು.

ಚಿಕ್ಕಪ್ಪ ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಸಂಜೆ ಮನೆಯಲ್ಲಿ ಯಾರೂ ಒಲೆಯ ಹತ್ತಿರ ಹೋಗಿರಲಿಲ್ಲ. ಪಕ್ಕದ ಮನೆಯವರು ಕಳಿಸಿದ ಅನ್ನ ಸಾರು ಮುಚ್ಚಿದ ಹಾಗೇ ಇತ್ತು. ಅಜ್ಜಿ ಹಿತ್ತಿಲಿಗೆ ಹೋಗಿ ತಣ್ಣೀರಲ್ಲೇ ಸ್ನಾನ ಮಾಡಿದಳು, ಬೇರೆ ಸೀರೆ ಉಟ್ಟಳು, ತಟ್ಟೆಗಳನ್ನು ಹರಡಿ ನಮ್ಮನ್ನೆಲ್ಲ ಕೂರಿಸಿದಳು. ಅಪ್ಪನ ತಟ್ಟೆಗೆ ಅನ್ನ ಬಡಿಸಿದಳು, ಆಮೇಲೆ ತನ್ನ ತಟ್ಟೆಗೂ ಬಡಿಸಿಕೊಂಡು ಉಂಡಳು. ಅತ್ತೆಯೊಬ್ಬಳು ತಡೆಯಲಾರದೆ, "ಅವ್ವಾ, ಅಷ್ಟು ದಿನ ಉಪವಾಸ ಇದ್ದೆ, ದೇವ್ರು ಕಣ್ಣು ಬಿಡಲಿಲ್ವಲ್ಲ" ಎಂದು ಅತ್ತಳು. ಅಜ್ಜಿಯ ಕೈ ತಟ್ಟೆಯಲ್ಲೇ ನಿಂತಿತು. ಅವಳು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ಕೊಡ್ತಾನೆ ಅಂತ ಇದ್ನಾ ನಾನು? ಅವನಲ್ಲಿ ನರಳ್ತಿದ್ರೆ ನಾನಿಲ್ಲಿ ಮುದ್ದೆ ಮುರ್ಕೊಂಡು ಉಣ್ಣಕ್ಕಾಯ್ತಿತ್ತಾ? ಈಗ ಅವನಿಗೆ ನೋವಿಲ್ಲ. ಉಣ್ಣವ್ವ."

ಆ ಪ್ರಾರ್ಥನಾ ಕೂಟದವರ ಮಾತು ನನಗೆ ಅಂದೂ ಒಪ್ಪಿಗೆಯಾಗಲಿಲ್ಲ, ಇಂದೂ ಆಗುವುದಿಲ್ಲ. ಅವರು ಕೆಟ್ಟವರಲ್ಲ, ನಮ್ಮ ಜೊತೆ ಕುಳಿತು ಅವರೂ ಹಸಿದಿದ್ದರು. ಆದರೆ ಉಪವಾಸವನ್ನು ದೇವರ ಬಾಗಿಲಲ್ಲಿ ಹೂಡುವ ಧರಣಿಯನ್ನಾಗಿ ಮಾಡಿದರೆ, ಬೇಡಿದ್ದು ಸಿಗದ ದಿನ ಸತ್ತವನ ತಾಯಿಯ ಮೇಲೆ ಅಪನಂಬಿಕೆಯ ಹೊರೆಯೂ ಬೀಳುತ್ತದೆ. ಇಂಥ ಹೊರೆ ಹೊತ್ತುಕೊಂಡು ಸೊರಗಿದ ಮನೆಗಳನ್ನು ನಾನು ಆಮೇಲೆ ಕಂಡಿದ್ದೇನೆ. ಮಗು ಬದುಕಲಿಲ್ಲ ಎಂದು, ಕೆಲಸ ಸಿಗಲಿಲ್ಲ ಎಂದು, ತಮ್ಮ ಉಪವಾಸದಲ್ಲಿ ಯಾವ ಹೊತ್ತು ಯಾವ ತಪ್ಪಾಯಿತೋ ಎಂದು ಹಿಂದೆ ಹಿಂದೆ ಹೋಗಿ ಹುಡುಕುವವರು. ಅವರ ಎದುರು ಕುಳಿತಾಗಲೆಲ್ಲ ಅಜ್ಜಿಯ ಆ ಮಾತನ್ನು ಹೇಳುತ್ತೇನೆ.

ಸಮುವೇಲನ ಎರಡನೆಯ ಗ್ರಂಥದ ಹನ್ನೆರಡನೆಯ ಅಧ್ಯಾಯ ನಾನು ಗಮನವಿಟ್ಟು ಓದಿದ್ದು ಬೆಂಗಳೂರಿನಲ್ಲಿ ಅಂಚೆ ಕಚೇರಿಯ ಕೆಲಸಕ್ಕೆ ಸೇರಿದ ಮೇಲೆ. ದಾವೀದನ ಮಗು ಕಾಯಿಲೆ ಬೀಳುತ್ತದೆ. ಅರಸ ಊಟ ಬಿಟ್ಟು ನೆಲದ ಮೇಲೆ ಬೋರಲು ಬೀಳುತ್ತಾನೆ, ಮನೆಯ ಹಿರಿಯರು ಎಬ್ಬಿಸಿದರೂ ಏಳುವುದಿಲ್ಲ. ಏಳನೆಯ ದಿನ ಮಗು ಸಾಯುತ್ತದೆ. ಸುದ್ದಿ ಹೇಳಲು ಸೇವಕರು ಹೆದರುತ್ತಾರೆ. ಅವರ ಪಿಸುಮಾತಿನಿಂದಲೇ ತಿಳಿದುಕೊಂಡ ದಾವೀದ ಎದ್ದು, ಸ್ನಾನ ಮಾಡಿ, ಎಣ್ಣೆ ಹಚ್ಚಿಕೊಂಡು, ಬಟ್ಟೆ ಬದಲಾಯಿಸಿ, ದೇವಾಲಯಕ್ಕೆ ಹೋಗಿ ಆರಾಧಿಸುತ್ತಾನೆ. ಆಮೇಲೆ ಮನೆಗೆ ಬಂದು ಊಟ ಕೇಳುತ್ತಾನೆ. ಓದುತ್ತಾ ಓದುತ್ತಾ ನನ್ನ ಕೈ ನಡುಗಿತು. ಅಜ್ಜಿಗೆ ಈ ಕಥೆ ಗೊತ್ತಿತ್ತೇ? ಉಪದೇಶಿಗಳಿಂದ ಕೇಳಿದ್ದಿರಬಹುದು. ಕೇಳಿರದೆಯೂ ಇರಬಹುದು. ಮೂರು ಸಾವಿರ ವರ್ಷದ ಹಿಂದಿನ ಒಬ್ಬ ಅರಸನೂ ಅರ್ಕಾವತಿ ಬದಿಯ ಒಬ್ಬ ರೈತ ಹೆಂಗಸೂ ಒಂದೇ ದುಃಖದಲ್ಲಿ ಒಂದೇ ರೀತಿ ಎದ್ದು ನಿಂತಿದ್ದರು.

ವಿಭೂತಿ ಬುಧವಾರ ಕಳೆದ ಮೊದಲ ಶುಕ್ರವಾರ ನಮ್ಮ ಪೂಜೆಯಲ್ಲಿ ಎರಡು ವಾಚನಗಳಿರುತ್ತವೆ. ಶುಭಸಂದೇಶ ಮತ್ತಾಯನ ಒಂಬತ್ತನೆಯ ಅಧ್ಯಾಯದ್ದು. ಸ್ನಾನಿಕ ಯೊವಾನ್ನನ ಶಿಷ್ಯರು ಬಂದು, ನಾವು ಉಪವಾಸ ಮಾಡುತ್ತೇವೆ, ನಿನ್ನ ಶಿಷ್ಯರೇಕೆ ಮಾಡುವುದಿಲ್ಲ ಎನ್ನುತ್ತಾರೆ. ಮದುವೆಗಂಡು ಜೊತೆಯಲ್ಲಿರುವಾಗ ಮದುವೆಗೆ ಬಂದವರು ದುಃಖಪಡುವುದುಂಟೆ, ಮದುವೆಗಂಡನ್ನು ಅವರಿಂದ ಕರೆದೊಯ್ಯುವ ದಿನ ಬಂದಾಗ ಉಪವಾಸ ಮಾಡುತ್ತಾರೆ ಎಂದು ಯೇಸು ಉತ್ತರಿಸುತ್ತಾರೆ. ಕ್ರೈಸ್ತ ಉಪವಾಸದ ಬೇರು ನನಗೆ ಕಾಣುವುದು ಇಲ್ಲೇ. ಪ್ರೀತಿಸಿದವರು ಕಣ್ಣೆದುರಿಲ್ಲದಾಗ, ಪ್ರೀತಿಸಿದವರು ನೋವಿನಲ್ಲಿದ್ದಾಗ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಶುಭ ಶುಕ್ರವಾರ ದೇವಾಲಯದ ಗಂಟೆ ಬಾರಿಸದೆ ಮರದ ಗಿಲಕಿ ಆಡಿಸುತ್ತಾರೆ, ಪೀಠದ ಮೇಲಿನ ಬಟ್ಟೆ ತೆಗೆದುಬಿಡುತ್ತಾರೆ, ಪೂಜೆಯೂ ಇರುವುದಿಲ್ಲ. ಸಾವಿನ ಮನೆಯಲ್ಲಿ ಹೇಗಿರುತ್ತೇವೋ ಹಾಗೆ. ಆ ದಿನದ ಹಸಿವನ್ನು ಯಾರೂ ನಮಗೆ ವಿವರಿಸಬೇಕಾಗಿ ಬರಲಿಲ್ಲ.

ಅದೇ ಶುಕ್ರವಾರದ ಮೊದಲನೆಯ ವಾಚನ ಯೆಶಾಯನ ಐವತ್ತೆಂಟನೆಯ ಅಧ್ಯಾಯ. ಉಪವಾಸದ ದಿನವೂ ಕೂಲಿಯಾಳುಗಳನ್ನು ಹಿಂಡುತ್ತೀರಿ, ಜಗಳವಾಡಿ ಗುದ್ದಾಡುತ್ತೀರಿ ಎಂದು ಪ್ರವಾದಿ ಬೈಯುತ್ತಾನೆ. ದೇವರಿಗೆ ಮೆಚ್ಚುಗೆಯಾಗುವ ಉಪವಾಸವೆಂದರೆ ನೊಗ ಮುರಿಯುವುದು, ಹಸಿದವರೊಂದಿಗೆ ಅನ್ನ ಹಂಚಿಕೊಳ್ಳುವುದು ಎನ್ನುತ್ತಾನೆ. ನಮ್ಮ ಊರಿನ ದೇವಾಲಯದಲ್ಲೂ ಯಾರು ಎಲ್ಲಿ ಕೂರಬೇಕೆಂಬುದು ಜಾತಿಯಿಂದ ತೀರ್ಮಾನವಾಗುತ್ತಿದ್ದ ಕಾಲವೊಂದಿತ್ತು. ಒಂದೇ ಬೂದಿ ಹಚ್ಚಿಸಿಕೊಂಡವರು ಒಂದೇ ಸಾಲಿನಲ್ಲಿ ಕೂರುತ್ತಿರಲಿಲ್ಲ. ಇದನ್ನು ಬರೆಯದೆ ನಮ್ಮ ಉಪವಾಸಗಳ ಹಿರಿಮೆಯನ್ನಷ್ಟೇ ಬರೆದರೆ ಯೆಶಾಯ ಒಪ್ಪಲಾರ. ಅಜ್ಜಿ ರಾತ್ರಿ ಬಿಟ್ಟ ಊಟದ ರಾಗಿ ಹಿಟ್ಟನ್ನು ಒಂದು ಪಾವಿನಲ್ಲಿ ಅಳೆದು ಬೇರೆ ಗಡಿಗೆಗೆ ಹಾಕುತ್ತಿದ್ದಳು. ವಾರಕ್ಕೊಮ್ಮೆ ಕೆಳಗಿನ ಕೇರಿಯ ಒಂದು ಮನೆಗೆ, ಗಂಡನಿಲ್ಲದ, ಚಿಕ್ಕ ಮಕ್ಕಳಿದ್ದ ಒಬ್ಬ ಹೆಂಗಸಿಗೆ ಅದನ್ನು ತಾನೇ ಹೊತ್ತು ಕೊಟ್ಟು ಬರುತ್ತಿದ್ದಳು. ಮಕ್ಕಳ ಕೈಯಲ್ಲಿ ಕಳಿಸುತ್ತಿರಲಿಲ್ಲ. ಒಮ್ಮೆ ನಾನು ಹಟ ಮಾಡಿ ಹಿಂದೆ ಹೋದಾಗ ಅಜ್ಜಿ ಆ ಮನೆಯ ಒಳಗೆ ಹೋಗಿ ಚಾಪೆಯ ಮೇಲೆ ಕುಳಿತು, ಅವರು ಕೊಟ್ಟ ನೀರು ಕುಡಿದು ಬಂದಳು. ನಮ್ಮ ಓಣಿಯ ಬೇರೆ ಯಾರೂ ಹಾಗೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಐದನೆಯ ಶತಮಾನದ ಪೋಪ್ ಮಹಾ ಲಿಯೊ ತಮ್ಮ ಪ್ರವಚನಗಳಲ್ಲಿ, ಉಪವಾಸಿಯ ತಟ್ಟೆಯಲ್ಲಿ ಉಳಿದದ್ದು ಬಡವನ ಪಾಲು ಎಂಬ ಅರ್ಥದ ಮಾತು ಹೇಳಿದ್ದಾರೆಂದು ಆಮೇಲೆ ಓದಿದೆ. ಅಜ್ಜಿಗೆ ಲಿಯೊ ಗೊತ್ತಿರಲಿಲ್ಲ, ಪಾವು ಗೊತ್ತಿತ್ತು.

ನನ್ನ ಸ್ವಂತ ಶುಕ್ರವಾರಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಟಪಾಲು ವಿಂಗಡಿಸುವ ವಿಭಾಗದಲ್ಲಿ ನಿಂತೇ ಕೆಲಸ ಮಾಡಬೇಕಿತ್ತು. ಹನ್ನೊಂದರ ಹೊತ್ತಿಗೆ ತಲೆ ಭಾರವಾಗುತ್ತಿತ್ತು, ಸಣ್ಣ ಮಾತಿಗೂ ಸಿಡುಕು ಬರುತ್ತಿತ್ತು. ಹಸಿವು ನಮ್ಮನ್ನು ಕೂಡಲೇ ಸಾಧುಗಳನ್ನಾಗಿ ಮಾಡುವುದಿಲ್ಲ, ಒಳಗಿರುವುದನ್ನು ಮೇಲಕ್ಕೆ ತರುತ್ತದೆ. ಕಣ್ಣು, ಕಿವಿ, ನಾಲಿಗೆ, ಕೈಗಳೂ ಉಪವಾಸವಿರಲಿ ಎಂದು ನಾಲ್ಕನೆಯ ಶತಮಾನದಲ್ಲಿ ಸಂತ ಯೊವಾನ್ನ ಕ್ರಿಸೊಸ್ತೊಮ್ ಬೋಧಿಸಿದ್ದು ಇದನ್ನು ಬಲ್ಲದ್ದರಿಂದಲೇ ಇರಬೇಕು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಒಂದು ಕೀರ್ತನೆಯನ್ನು ನಿಧಾನವಾಗಿ ಓದಿಕೊಳ್ಳುತ್ತಿದ್ದೆ. ಹೊಟ್ಟೆ ತುಂಬಿದಾಗ ಓದಿದರೆ ಚೆಂದದ ಪದ್ಯವೆನಿಸುವ ಸಾಲು, ಹಸಿದಾಗ ಯಾರೋ ನಿಜವಾಗಿ ಕೂಗಿದ ಕೂಗು ಎನಿಸುತ್ತದೆ. ವರ್ಷಗಳು ಕಳೆದಂತೆ ನನ್ನ ಪ್ರಾರ್ಥನೆಯ ಮಾತುಗಳು ಕಡಿಮೆಯಾದವು, ಹೆಸರುಗಳು ಹೆಚ್ಚಾದವು.

ಆ ವಿಭಾಗದಲ್ಲಿ ನಾನೊಬ್ಬಳೇ ಉಪವಾಸಿಯಾಗಿರಲಿಲ್ಲ. ಏಕಾದಶಿಯಂದು ಫಲಹಾರ ಮಾತ್ರ ಮಾಡುವವರಿದ್ದರು. ಕೇರಳದ ಸಿರಿಯನ್ ಆರ್ಥೊಡಾಕ್ಸ್ ಗೆಳತಿಯೊಬ್ಬಳು ಈಸ್ಟರಿಗೆ ಮುಂಚಿನ ಐವತ್ತು ದಿನದ ನೋಂಬಿನಲ್ಲಿ ಹಾಲನ್ನೂ ಮುಟ್ಟುತ್ತಿರಲಿಲ್ಲ, ಅವಳ ಕಟ್ಟುನಿಟ್ಟಿನ ಮುಂದೆ ನಮ್ಮದು ಏನೂ ಅಲ್ಲ. 2025ರಲ್ಲಿ ರಂಜಾನ್ ಮಾರ್ಚ್ 2ಕ್ಕೆ ಶುರುವಾಯಿತು, ಮಾರ್ಚ್ 5ಕ್ಕೆ ವಿಭೂತಿ ಬುಧವಾರ. ಆ ವೇಳೆಗೆ ನಿವೃತ್ತಳಾಗಿದ್ದ ನಾನು ಹಳೆಯ ಸಹೋದ್ಯೋಗಿಯೊಬ್ಬರ ಮನೆಗೆ ಇಫ್ತಾರ್‌ಗೆ ಹೋಗಿದ್ದೆ, ಅದು ನನ್ನ ಶುಕ್ರವಾರವೂ ಹೌದು. ಮಸೀದಿಯ ಕೂಗಿಗೆ ಕಾಯುತ್ತಾ ಖರ್ಜೂರದ ಮುಂದೆ ಕೈಕಟ್ಟಿ ಕುಳಿತ ಆ ಮನೆಯ ಮಕ್ಕಳ ಜೊತೆ ನಾನೂ ಕಾಯ್ದೆ. ಅವರೂ ನಾನೂ ಆಗ ಮಾಡುತ್ತಿದ್ದುದನ್ನು ಬಿಡಿಸಿ ಹೇಳುವ ಅಗತ್ಯ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ.

ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ಉಪವಾಸ ಕೂಡದೆಂದರು. ರೋಗಿಗಳಿಗೆ, ಬಸುರಿ ಬಾಣಂತಿಯರಿಗೆ, ಮೈಮುರಿದು ದುಡಿಯುವವರಿಗೆ ಧರ್ಮಸಭೆಯೂ ಉಪವಾಸವನ್ನು ಹೊರಿಸುವುದಿಲ್ಲ. ಅಮ್ಮ ಅದನ್ನು ಸೋಲೆಂದು ಭಾವಿಸಿ ಅತ್ತಳು. ಗುಟ್ಟಾಗಿ ಒಂದೆರಡು ಸಲ ಊಟ ಬಿಟ್ಟು ತಲೆಸುತ್ತಿ ಬಿದ್ದದ್ದೂ ಆಯಿತು. ಪಾಪನಿವೇದನೆಯಲ್ಲಿ ಸ್ವಾಮಿಗಳು ಅವಳಿಗೆ ಕೊಟ್ಟ ಪ್ರಾಯಶ್ಚಿತ್ತ, ಹೊತ್ತು ಹೊತ್ತಿಗೆ ಊಟ ಮಾಡಿ ಮಾತ್ರೆ ನುಂಗುವುದು. ಅಮ್ಮ ಅದನ್ನು ಅಕ್ಷರಶಃ ಪಾಲಿಸಿದಳು. ಶುಭ ಶುಕ್ರವಾರ ಮಧ್ಯಾಹ್ನ ನಾವೆಲ್ಲ ಹಸಿದಿರುವಾಗ ಅಡುಗೆಮನೆಯಲ್ಲಿ ಒಬ್ಬಳೇ ಕುಳಿತು, ಶಿಲು‌ಬೆಯ ಗುರುತು ಹಾಕಿ, ಎರಡು ಇಡ್ಲಿ ತಿನ್ನುತ್ತಿದ್ದಳು. ತನಗಿಷ್ಟವಾದ ಭಕ್ತಿಯನ್ನು ಬಿಟ್ಟು ತನಗೆ ಹೇಳಿದ್ದನ್ನು ಮಾಡುವುದು ಅವಳಿಗೆ ನಮ್ಮ ಹಸಿವಿಗಿಂತ ಕಷ್ಟವಾಗಿತ್ತು. ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಈಗ ನಾನು ಭಾನುವಾರ ನಮ್ಮ ಧರ್ಮಕೇಂದ್ರದಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ತಪಸ್ಸುಕಾಲಕ್ಕೆ ಏನು ಬಿಡುತ್ತೀರಿ ಎಂದರೆ ಹೆಚ್ಚಿನವರು ಮೊಬೈಲ್ ಎನ್ನುತ್ತಾರೆ, ಕೆಲವರು ಚಾಕೊಲೇಟ್ ಎನ್ನುತ್ತಾರೆ. ಒಳ್ಳೆಯದೇ. ಆದರೂ ಹದಿನೆಂಟು ತುಂಬಿ ಆರೋಗ್ಯವಾಗಿರುವ ಹುಡುಗ ಹುಡುಗಿಯರಿಗೆ, ವರ್ಷಕ್ಕೆ ಎರಡು ದಿನವಾದರೂ ಹೊಟ್ಟೆ ಹಸಿಯಲಿ ಎಂದು ಹೇಳುತ್ತೇನೆ. ಮೊಬೈಲ್ ಬಿಟ್ಟರೆ ಸಮಯ ಉಳಿಯುತ್ತದೆ. ಹಸಿವಿನಿಂದ ಕಾಲು ಸೋತಾಗ ಮಾತ್ರ, ಇಷ್ಟಪಡದೆ ಹಸಿದಿರುವವರು ಯಾರೆಂಬ ಪ್ರಶ್ನೆ ಮೈಯಲ್ಲೇ ಹುಟ್ಟುತ್ತದೆ. ಅಂತಿಯೋಕ್ಯದ ಸಭೆ ಬಾರ್ನಬ, ಸೌಲರನ್ನು ದೂರದ ನಾಡುಗಳಿಗೆ ಕಳಿಸುವ ಮುಂಚೆ ಉಪವಾಸವಿದ್ದು ಪ್ರಾರ್ಥಿಸಿ ಅವರ ಮೇಲೆ ಕೈಯಿಟ್ಟಿತು ಎಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿದೆ. ಕೆಲಸಕ್ಕೆ ಹೊರಡುವ ಮುನ್ನದ ಹಸಿವು ಅದು. ಕಳೆದ ವರ್ಷ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ನೇರವಾಗಿ ಕೇಳಿದಳು, "ಮಿಸ್, ಕೇಳಿದ್ದು ಕೊಡ್ತಾರೋ ಇಲ್ವೋ ಗೊತ್ತಿಲ್ಲ ಅಂದ್ರೆ ಉಪವಾಸ ಯಾಕೆ ಮಾಡ್ಬೇಕು?" ಚಿಕ್ಕಪ್ಪನ ಕಥೆಯನ್ನು, ಅಜ್ಜಿಯ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಮೊದ್ಲು ಯಾರ ಜೊತೆ ಇರ್ಬೇಕು ಅಂತ ಗೊತ್ತಿರ್ಬೇಕು" ಎಂದಳು. ಅವಳ ತಂದೆ ಗಾರೆ ಕೆಲಸದಲ್ಲಿ ಸಾರುವೆಯಿಂದ ಬಿದ್ದು ಆರು ತಿಂಗಳಿಂದ ಹಾಸಿಗೆಯಲ್ಲಿದ್ದಾರೆಂದು ನನಗೆ ತಿಳಿದದ್ದು ಆಮೇಲೆ.

ಈ ಶುಕ್ರವಾರದ್ದು ಅವರ ಹೆಸರಿನಲ್ಲಿ. ಕೆಳಗಿನ ಮಹಡಿಯಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗುವ ಹುಡುಗನೊಬ್ಬನಿದ್ದಾನೆ, ಅವನ ಹೆಸರೂ ಸೇರಿಸಿದ್ದೇನೆ. ಮಧ್ಯಾಹ್ನ ಆ ಹುಡುಗಿಯ ಮನೆಗೆ ಹೋಗಬೇಕು, ಅವರಪ್ಪನ ಅಂಗವೈಕಲ್ಯ ಪಿಂಚಣಿಯ ಅರ್ಜಿ ತುಂಬಿಸಿಕೊಡುವುದಿದೆ. ಆರಕ್ಕೆ ಶಿಲುಬೆ ಹಾದಿ. ಅದು ಮುಗಿದ ಮೇಲೆ ಊಟ, ಮುದ್ದೆ ಮತ್ತು ಹುರುಳಿ ಬಸ್ಸಾರು.